ಕ್ರಾಸ್‌ಬಾರ್‌ಗೆ ಬಡಿದ ಚೆಂಡು, ಆಮೇಲಿನ ಕೆಲವು ನಿಮಿಷ

ಕ್ರಿಕೆಟ್‌ನಲ್ಲಿ ಕೆಟ್ಟ ಶಾಟ್ ಹೊಡೆದು ಔಟಾದವನು ಪೆವಿಲಿಯನ್‌ಗೆ ಹೋಗಿ, ತಲೆ ಮೇಲೆ ಟವೆಲ್ ಹಾಕ್ಕೊಂಡು ಕೂರಬಹುದು. ಫುಟ್‌ಬಾಲ್‌ನಲ್ಲಿ ಆ ಸೌಕರ್ಯ ಇಲ್ಲ. ತಪ್ಪು ಮಾಡಿದವನು ಅದೇ ಮೈದಾನದಲ್ಲಿ, ಅದೇ ಜನರ ಮುಂದೆ ಓಡ್ತಾನೇ ಇರಬೇಕು. ಚೆಂಡು ಮತ್ತೆ ಅವನ ಕಾಲಿಗೇ ಬರುತ್ತದೆ. ಆಗ ಅವನೊಳಗೆ ಏನಾಗುತ್ತದೆ, ಕೆಲವರು ಹೇಗೆ ಸುಧಾರಿಸಿಕೊಳ್ತಾರೆ ಅನ್ನೋದನ್ನು ನೋಡೋಕೆ ನಾವು ಆರಿಸಿಕೊಂಡಿರೋದು ಘಾನಾದ ಅಸಮೋವಾ ಗ್ಯಾನ್‌ನನ್ನು.

2010ರ ಜುಲೈ 2, ಜೋಹಾನ್ಸ್‌ಬರ್ಗ್‌ನ ಸಾಕರ್ ಸಿಟಿ. ಆಫ್ರಿಕಾದ ನೆಲದಲ್ಲಿ ನಡೆದ ಮೊದಲ ವಿಶ್ವಕಪ್. ಕ್ವಾರ್ಟರ್ ಫೈನಲ್‌ನಲ್ಲಿ ಘಾನಾ ಮತ್ತು ಉರುಗ್ವೆ. ಆ ಖಂಡದಿಂದ ಉಳಿದಿದ್ದ ಕೊನೆಯ ತಂಡ ಘಾನಾ. ಅಲ್ಲಿಯವರೆಗೆ ಯಾವ ಆಫ್ರಿಕನ್ ತಂಡವೂ ಸೆಮಿಫೈನಲ್ ಮುಟ್ಟಿರಲಿಲ್ಲ. ಸ್ಕೋರ್ 1-1, ಎಕ್ಸ್‌ಟ್ರಾ ಟೈಮ್‌ನ ಕೊನೇ ಗಳಿಗೆ. ಘಾನಾದ ಹೆಡರ್ ಗೋಲಿನೊಳಗೆ ಹೋಗ್ತಾ ಇತ್ತು. ಗೋಲ್ ಗೆರೆ ಮೇಲೆ ನಿಂತಿದ್ದ ಲೂಯಿಸ್ ಸುವಾರೆಸ್ ಅದನ್ನು ಕೈಯಲ್ಲೇ ತಡೆದ. ಗೋಲ್‌ಕೀಪರ್ ಅಲ್ಲ, ಸ್ಟ್ರೈಕರ್! ರೆಡ್ ಕಾರ್ಡ್, ಪೆನಾಲ್ಟಿ. ಒದೆಯಲು ಬಂದವನು ಗ್ಯಾನ್. ಒಳಗೆ ಹೋದರೆ ಇತಿಹಾಸ. ಚೆಂಡು ಕ್ರಾಸ್‌ಬಾರ್‌ಗೆ ಬಡಿದು ಮೇಲೆ ಹಾರಿತು. ಮೈದಾನದಿಂದ ಹೊರಗೆ ಹೋಗ್ತಿದ್ದ ಸುವಾರೆಸ್ ಅಲ್ಲೇ ನಿಂತು ಕುಣಿದ.

ಇಲ್ಲಿಯವರೆಗಿನ ಕಥೆ ಫುಟ್‌ಬಾಲ್ ನೋಡೋ ಎಲ್ಲರಿಗೂ ಗೊತ್ತು. ಆಮೇಲೆ ಆಗಿದ್ದನ್ನು ಮರೆಯೋರೇ ಜಾಸ್ತಿ. ಕೆಲವೇ ನಿಮಿಷಗಳಲ್ಲಿ ಪೆನಾಲ್ಟಿ ಶೂಟೌಟ್ ಶುರುವಾಯಿತು. ಉರುಗ್ವೆ ಪರ ಫೋರ್ಲಾನ್ ಮೊದಲು ಒದ್ದು ಗೋಲು ಹೊಡೆದ. ಘಾನಾದಿಂದ ಮೊದಲು ನಡೆದುಬಂದವನು ಇದೇ ಗ್ಯಾನ್. ಮತ್ತೆ ಎತ್ತರಕ್ಕೇ ಒದ್ದ. ಈ ಸಲ ಚೆಂಡು ಬಲೆಯ ಮೇಲ್ಮೂಲೆಯಲ್ಲಿತ್ತು.

ನಾವು ಎಂಜಿನಿಯರಿಂಗ್ ಓದೋರು, ಒಂದು ಚಿಕ್ಕ ಲೆಕ್ಕ ಮಾಡೋಣ. ಪೆನಾಲ್ಟಿ ಸ್ಪಾಟ್‌ನಿಂದ ಗೋಲಿಗೆ 11 ಮೀಟರ್. ಕ್ರಾಸ್‌ಬಾರ್‌ನ ಕೆಳ ಅಂಚು ನೆಲದಿಂದ 2.44 ಮೀಟರ್. ಚೆಂಡು ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋದರೆ ಅಲ್ಲಿಗೆ ತಲುಪೋಕೆ ಸುಮಾರು 0.4 ಸೆಕೆಂಡ್. ಈಗ ಒದೆಯುವ ಕೋನ ಒಂದೇ ಒಂದು ಡಿಗ್ರಿ ಮೇಲಾಯಿತು ಅಂದ್ಕೊಳ್ಳಿ. 11 ಮೀಟರ್ ದೂರದಲ್ಲಿ ಅದು ಸುಮಾರು 20 ಸೆಂಟಿಮೀಟರ್ ವ್ಯತ್ಯಾಸ ತರುತ್ತದೆ. ಚೆಂಡಿನ ವ್ಯಾಸ ಸುಮಾರು 22 ಸೆಂಟಿಮೀಟರ್. ಅಂದ್ರೆ ಕೀಪರ್‌ಗೆ ಎಟುಕದ ಅದ್ಭುತ ಗೋಲಿಗೂ, ಒಂದು ಖಂಡವನ್ನೇ ಅಳಿಸಿದ ಮಿಸ್‌ಗೂ ನಡುವೆ ಇರೋದು ಡಿಗ್ರಿ ಲೆಕ್ಕದಲ್ಲಿ ಒಂದರ ಆಸುಪಾಸು. ಕಾಲಿನ ಆ್ಯಂಗಲ್, ಚೆಂಡು ಕೂತ ಹುಲ್ಲು, 120 ನಿಮಿಷ ಓಡಿದ ಸುಸ್ತು, ಯಾವುದು ಬೇಕಾದರೂ ಅಷ್ಟನ್ನು ಕದಲಿಸಬಹುದು.

ಲ್ಯಾಬ್‌ನಲ್ಲಿ ರೀಡಿಂಗ್ ತಗೊಂಡವರಿಗೆ ಇದು ಪರಿಚಿತ ವಿಷಯ. ಉಪಕರಣವೇ ತಪ್ಪಾಗಿ ಕ್ಯಾಲಿಬ್ರೇಟ್ ಆಗಿದ್ದರೆ ಬರುವ ದೋಷ ಒಂದು ಥರ. ಎಲ್ಲ ಸರಿಯಿದ್ದೂ ರೀಡಿಂಗ್ ಆಚೀಚೆ ಆಗೋದು ಇನ್ನೊಂದು ಥರ. ಮೊದಲನೆಯದಕ್ಕೆ ಉಪಕರಣ ತಿದ್ದಬೇಕು. ಎರಡನೆಯದಕ್ಕೆ ತಿದ್ದೋಕೆ ಹೋದರೆ ಸರಿಯಿದ್ದ ಉಪಕರಣವೇ ಕೆಡುತ್ತೆ. ಗ್ಯಾನ್ ಅದೇ ವಿಶ್ವಕಪ್‌ನಲ್ಲಿ ಸರ್ಬಿಯಾ ವಿರುದ್ಧ ಒಂದು, ಆಸ್ಟ್ರೇಲಿಯಾ ವಿರುದ್ಧ ಒಂದು, ಹೀಗೆ ಎರಡು ಪೆನಾಲ್ಟಿಯನ್ನು ಗೋಲಾಗಿಸಿದ್ದ. ಅವನ ಒದೆತದಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಒಂದು ಮಿಸ್ ಆದ ತಕ್ಷಣ ಹೆದರಿ, ನೆಲಮಟ್ಟದಲ್ಲಿ ಮೆತ್ತಗೆ ಒದ್ದಿದ್ದರೆ ಕೀಪರ್ ಮುಸ್ಲೇರಾ ಕೈಗೆ ಉಡುಗೊರೆ ಕೊಟ್ಟಂತಾಗ್ತಿತ್ತು. ನಮಗೆ ಆ ಎರಡನೇ ಒದೆತದಲ್ಲಿ ದೊಡ್ಡದಾಗಿ ಕಾಣೋದು ಇದೇ: ಫಲಿತಾಂಶ ಅಷ್ಟು ಭೀಕರವಾಗಿದ್ದರೂ ಆತ ತನ್ನ ವಿಧಾನ ಬದಲಿಸಲಿಲ್ಲ.

ಹೇಳೋಕೆ ಸುಲಭ. ಮಾಡೋಕೆ ಯಾಕೆ ಕಷ್ಟ? ಲ್ಯಾಪ್‌ಟಾಪ್ ಪಾಸ್‌ವರ್ಡ್ ನೀವು ದಿನಾ ಯೋಚಿಸದೇ ಟೈಪ್ ಮಾಡ್ತೀರಿ. ಯಾರಾದರೂ ಪಕ್ಕದಲ್ಲಿ ನಿಂತು "ನಾಲ್ಕನೇ ಅಕ್ಷರಕ್ಕೆ ಯಾವ ಬೆರಳು?" ಅಂತ ಕೇಳಲಿ, ಎರಡು ಸಲ ತಪ್ಪು ಬೀಳುತ್ತೆ. ಸಾವಿರಾರು ಸಲ ಮಾಡಿ ಮೈಗೆ ಹತ್ತಿದ ಕೆಲಸವನ್ನು ಮನಸ್ಸು ಬಿಡಿಬಿಡಿಯಾಗಿ ಪರೀಕ್ಷಿಸೋಕೆ ಶುರು ಮಾಡಿದರೆ ಕೆಲಸ ಕೆಡುತ್ತೆ. ಒತ್ತಡದಲ್ಲಿ ಪಳಗಿದವರೂ ಎಡವೋದಕ್ಕೆ ಮನಶ್ಶಾಸ್ತ್ರಜ್ಞರು ಕೊಡುವ ಮುಖ್ಯ ವಿವರಣೆಗಳಲ್ಲಿ ಇದೊಂದು. ಈಗಷ್ಟೇ ತಪ್ಪು ಮಾಡಿದವನಿಗೆ ಈ ಕಾಟ ದುಪ್ಪಟ್ಟು, ಯಾಕಂದ್ರೆ ಪರೀಕ್ಷಿಸೋಕೆ ಅವನ ಹತ್ತಿರ ಕಾರಣ ಇದೆ.

ಇನ್ನೊಂದು ಅಪಾಯ ಆತುರ. ಕಂಟ್ರೋಲ್ ಸಿಸ್ಟಮ್ಸ್ ಓದಿದವರು ಇಂಟಿಗ್ರಲ್ ವೈಂಡಪ್ ನೆನಪು ಮಾಡ್ಕೊಳ್ಳಿ. ಹಳೆಯ ದೋಷವೆಲ್ಲ ಕಂಟ್ರೋಲರ್‌ನಲ್ಲಿ ಜಮೆಯಾಗ್ತಾ ಹೋಗಿ, ಕೊನೆಗೆ ಅದು ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ತಳ್ಳಿ ಗುರಿ ದಾಟಿಸಿಬಿಡುತ್ತೆ. ಗೋಲು ಬಿಟ್ಟುಕೊಟ್ಟ ಡಿಫೆಂಡರ್ ಮುಂದಿನ ಹತ್ತು ನಿಮಿಷ ಸಿಕ್ಕಸಿಕ್ಕ ಚೆಂಡಿಗೆಲ್ಲ ಜಾರಿ ಬಿದ್ದು ಕಾರ್ಡ್ ತಿನ್ನೋದು ಹೀಗೇ. ನಾರ್ವೆಯ ಗೈರ್ ಯೋರ್ಡೆಟ್ ಎಂಬ ಸಂಶೋಧಕರು ದೊಡ್ಡ ಟೂರ್ನಿಗಳ ಶೂಟೌಟ್ ವಿಡಿಯೋಗಳನ್ನು ಒಂದೊಂದಾಗಿ ನೋಡಿ ಅಧ್ಯಯನ ಮಾಡಿದವರು. ರೆಫರಿ ವಿಸಲ್ ಊದಿದ ಕೂಡಲೇ ಓಡಿ ಒದೆಯುವವರು, ಸ್ವಲ್ಪ ನಿಂತು ಒದೆಯುವವರಿಗಿಂತ ಹೆಚ್ಚು ಮಿಸ್ ಮಾಡ್ತಾರೆ ಅನ್ನೋದು ಅವರಿಗೆ ಕಂಡಿತು. ಒತ್ತಡದಲ್ಲಿರೋನಿಗೆ ಆ ಕ್ಷಣ ಬೇಗ ಮುಗಿದರೆ ಸಾಕು ಅನ್ನಿಸುತ್ತೆ, ಅಲ್ವಾ? ವೈವಾದಲ್ಲಿ ಪ್ರಶ್ನೆ ಮುಗಿಯೋ ಮೊದಲೇ ಉತ್ತರ ಒದರುವ ನಮಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು! ಅದಕ್ಕೇ ಈಗಿನ ಆಟಗಾರರು ಒಂದು ಕ್ರಮ ಇಟ್ಕೊಳ್ತಾರೆ: ಚೆಂಡನ್ನು ತಾವೇ ಇಡೋದು, ಎಣಿಸಿದಷ್ಟೇ ಹೆಜ್ಜೆ ಹಿಂದೆ ಹೋಗೋದು, ಒಂದು ಉಸಿರು, ಆಮೇಲೆ ಓಟ. ತಪ್ಪಿಗಿಂತ ಮೊದಲೂ ಅದೇ, ಆಮೇಲೂ ಅದೇ.

ಅವತ್ತು ಘಾನಾ ಗೆದ್ದಿತಾ ಅಂದ್ರೆ, ಇಲ್ಲ. ನಾಯಕ ಜಾನ್ ಮೆನ್ಸಾ ತೀರಾ ಚಿಕ್ಕ ಓಟದಲ್ಲಿ ಒದ್ದ ಚೆಂಡನ್ನು ಮುಸ್ಲೇರಾ ಹಿಡಿದ. ಅಡಿಯಾನದ್ದನ್ನೂ ತಡೆದ. ಉರುಗ್ವೆ 4-2ರಿಂದ ಗೆದ್ದಿತು. ಗ್ಯಾನ್ ಬಿಕ್ಕಿಬಿಕ್ಕಿ ಅತ್ತದ್ದು ಆಮೇಲೆ, ತನ್ನ ಪಾಲಿನ ಕೆಲಸ ಎಲ್ಲ ಮುಗಿದ ಮೇಲೆ. ಕೆಲವರು ಅವನನ್ನು ಆ ಕ್ರಾಸ್‌ಬಾರ್‌ಗಷ್ಟೇ ಕಟ್ಟಿಹಾಕೋದು ನಮಗೆ ಸರಿ ಕಾಣಲ್ಲ. ಜೀವಮಾನದ ದೊಡ್ಡ ಮಿಸ್ ಆದ ಕೆಲವೇ ನಿಮಿಷಕ್ಕೆ "ಮೊದಲು ನಾನೇ ಹೋಗ್ತೀನಿ" ಅನ್ನೋ ಜಾಗದಲ್ಲಿ ನಿಂತವನು ಆತ.

ಹಾಗಂತ ಸುಧಾರಿಸಿಕೊಳ್ಳೋದು ಒಂದೇ ಸಂಜೆಯ ಕೆಲಸವೂ ಅಲ್ಲ. 2012ರ ಆಫ್ರಿಕಾ ಕಪ್ ಸೆಮಿಫೈನಲ್‌ನಲ್ಲಿ ಝಾಂಬಿಯಾ ವಿರುದ್ಧ ಅವನ ಇನ್ನೊಂದು ಪೆನಾಲ್ಟಿಯನ್ನು ಕೀಪರ್ ತಡೆದ, ಘಾನಾ 0-1ರಿಂದ ಸೋತಿತು. ಟೀಕೆ ಎಷ್ಟಿತ್ತೆಂದರೆ ಗ್ಯಾನ್ ರಾಷ್ಟ್ರೀಯ ತಂಡದಿಂದ ಕೆಲವು ತಿಂಗಳು ದೂರ ಉಳಿದ. 2013ರ ಆಫ್ರಿಕಾ ಕಪ್‌ಗೆ ಮರಳಿದಾಗ ಪೆನಾಲ್ಟಿಗಳನ್ನು ಒದ್ದವನು ಮುಬಾರಕ್ ವಕಾಸೊ. ಒಂದು ಕೆಲಸ ಇನ್ನೊಬ್ಬನಿಗೆ ಬಿಟ್ಟುಕೊಟ್ಟು, ಉಳಿದ ಆಟವನ್ನು ಮುಂದುವರಿಸೋದೂ ಚೇತರಿಕೆಯೇ ಅಂತ ನಾವು ಅಂದ್ಕೊಳ್ತೀವಿ. 2014ರ ವಿಶ್ವಕಪ್‌ನಲ್ಲಿ ಜರ್ಮನಿ ಮತ್ತು ಪೋರ್ಚುಗಲ್ ವಿರುದ್ಧ ಒಂದೊಂದು ಗೋಲು ಹೊಡೆದ. ಎರಡೂ ಪೆನಾಲ್ಟಿ ಅಲ್ಲ. ಅಲ್ಲಿಗೆ ಮೂರು ವಿಶ್ವಕಪ್‌ಗಳಲ್ಲಿ ಒಟ್ಟು 6 ಗೋಲು. ಕ್ಯಾಮರೂನಿನ ರೋಜರ್ ಮಿಲ್ಲಾ ಹೆಸರಲ್ಲಿದ್ದ 5 ಗೋಲುಗಳ ಆಫ್ರಿಕನ್ ದಾಖಲೆ ಮುರಿಯಿತು.

ಅಂದಹಾಗೆ, ಈತ ನಮ್ಮೂರಿಗೂ ಬಂದಿದ್ದ. 2019ರ ಅಕ್ಟೋಬರ್‌ನಲ್ಲಿ ಗುವಾಹಟಿಯ ನಾರ್ತ್‌ಈಸ್ಟ್ ಯುನೈಟೆಡ್ ತಂಡದ ಪರವಾಗಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ವಿರುದ್ಧ ಆಡಿದ. ಪಂದ್ಯ 0-0. ಅಷ್ಟೊತ್ತಿಗೆ ಅವನಿಗೆ 33 ವರ್ಷ, ಸಾಕರ್ ಸಿಟಿಯ ಆ ರಾತ್ರಿ ಕಳೆದು ಒಂಬತ್ತು ವರ್ಷ.