‘ಬಿಡ್ತು ಅನ್ನಿ’ ಎನ್ನುವ ಮುನ್ನ

ರಾಜಾಜಿನಗರದ ನಮ್ಮ ಮನೆಯಲ್ಲಿ ಅಮ್ಮ ದಿನಕ್ಕೆ ಹತ್ತು ಸಲ ಹೇಳುವ ಮಾತು ‘ಬಿಡ್ತು ಅನ್ನಿ’. ಕಾರಣ ಅಪ್ಪ. ಊರಿಗೆ ಹೊರಟರೆ ‘ಬಸ್ ಕೆಟ್ಟು ನಿಂತ್ರೆ?’, ಮದುವೆ ಮಾತು ಬಂದರೆ ‘ಛತ್ರ ಸಿಗದಿದ್ರೆ?’ ಕೆಟ್ಟದ್ದನ್ನೇ ಮೊದಲು ಯೋಚಿಸುವ ಮನುಷ್ಯ.

2021ರಲ್ಲಿ ಮನೆ ಮೇಲೊಂದು ಮಹಡಿ ಕಟ್ಟಿಸುವಾಗ ಅಪ್ಪ ಹಠ ಹಿಡಿದರು: ಸಂಪು ದೊಡ್ಡದಾಗಬೇಕು, ತಾರಸಿಯ ಮಳೆನೀರು ಅದಕ್ಕೇ ಇಳಿಯಬೇಕು. ನನಗೋ ಆ ದುಡ್ಡಲ್ಲಿ ಮಾಡ್ಯುಲರ್ ಕಿಚನ್ ಮಾಡಿಸುವ ಆಸೆ. ‘ಕಾವೇರಿ ಐದನೇ ಹಂತ ಬರ್ತಿದೆಯಲ್ಲಪ್ಪ’ ಅಂದೆ. ‘ಬರಲಿ. ತಡವಾದ್ರೆ?’ ಅಂದರು. ಒಪ್ಪಿದೆ. ಆದರೆ ಒಂದು ವಾರ ಸರಿಯಾಗಿ ಮಾತಾಡಲಿಲ್ಲ.

2023ರಲ್ಲಿ ಮಳೆ ಕೈಕೊಟ್ಟಿತು. 2024ರ ಮಾರ್ಚ್ ಹೊತ್ತಿಗೆ ಬೆಂಗಳೂರಿನ ಸಾವಿರಾರು ಬೋರ್‌ವೆಲ್ ಬತ್ತಿದ್ದವು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಿತು ಜಲಮಂಡಳಿ. ನಲ್ಲಿ ನೀರು ಬಂದ ದಿನ ತುಂಬಿಟ್ಟುಕೊಂಡ ಸಂಪು ನಮ್ಮನ್ನು ಕಾಪಾಡಿತು. ಪಕ್ಕದ ಕಟ್ಟಡದ ಬೋರ್ ನಿಂತಾಗ ಅಲ್ಲಿನವರೂ ಕೊಡ ಹಿಡಿದು ಬಂದರು. ‘ನಾನು ಹೇಳಿರ್ಲಿಲ್ವಾ’ ಅಂತ ಅಪ್ಪ ಅನ್ನಲಿಲ್ಲ. ಸುಮ್ಮನೆ ಮೋಟರ್ ಹಾಕಿದರು.

ಈ ಊರಿಗೆ ಇದು ಹೊಸದಲ್ಲ. 1896ರಲ್ಲಿ ಅರ್ಕಾವತಿಯ ಹೆಸರಘಟ್ಟದಿಂದ ನೀರು ಬಂತು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ. ಅದೂ ಸಾಲದೆ 1974ರಲ್ಲಿ, ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿ. ಅಷ್ಟು ದೂರದ ನೀರನ್ನು ಎತ್ತಿ ತರಲು ಆಶಾವಾದಿಗಳೇ ಬೇಕು, ನಿಜ. ಆದರೆ ಪ್ರತಿ ಸಲವೂ ‘ಇನ್ನು ಚಿಂತೆಯಿಲ್ಲ’ ಅಂದುಕೊಂಡು ಕೆರೆಗಳನ್ನು ಮರೆತವರೂ ನಾವೇ. 2009ರಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾಯಿತು, ಅಪ್ಪನ ‘ಬರದಿದ್ರೆ?’ ಕೊನೆಗೂ ಕಾನೂನಾಯಿತು ಅನ್ನಿ.

ತಮಾಷೆ ನೋಡಿ, ಆಫೀಸಿನಲ್ಲಿ ‘ಸರ್ವರ್ ಬಿದ್ರೆ?’ ಅಂತ ಕೇಳುವುದಕ್ಕೇ ನನಗೆ ಸಂಬಳ. ಬ್ಯಾಕಪ್ ಇಲ್ಲದ ಸಿಸ್ಟಮ್ಮನ್ನು ನಾವು ಯಾರೂ ಒಪ್ಪಲ್ಲ. ಅದೇ ಪ್ರಶ್ನೆ ಮನೆಯಲ್ಲಿ ಅಪ್ಪ ಕೇಳಿದರೆ ಅಪಶಕುನ!

ನಿರಾಶೆಯಲ್ಲೂ ಎರಡು ಬಗೆ. ‘ಏನ್ ಮಾಡಿದ್ರೂ ಅಷ್ಟೇ’ ಅನ್ನುವುದು ಕೈಕಟ್ಟಿ ಕೂರಿಸುತ್ತದೆ. ‘ಹೀಗಾದ್ರೆ ಏನ್ ಮಾಡೋಣ?’ ಅನ್ನುವುದು ಸಂಪು ತೋಡಿಸುತ್ತದೆ. ‘ಎಲ್ಲ ಸರಿಹೋಗುತ್ತೆ ಬಿಡಿ’ ಅನ್ನುವ ಆಶಾವಾದಕ್ಕಿಂತ ಈ ಎರಡನೆಯದೇ ನನಗೀಗ ಹೆಚ್ಚು ಭರವಸೆಯದು ಅನ್ನಿಸುತ್ತದೆ.

2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆಯಾಯಿತು. ಮೊಬೈಲಲ್ಲಿ ಸುದ್ದಿ ತೋರಿಸಿದೆ. ಅಪ್ಪ ಕನ್ನಡಕ ಸರಿಮಾಡಿಕೊಂಡು ಓದಿದರು. ‘ಪೈಪ್ ಬಂತು, ಸಂತೋಷ. ಮಳೆ ಬಾರದೆ ಕಟ್ಟೆನೇ ತುಂಬದಿದ್ರೆ?’

ಒಳಗಿಂದ ಅಮ್ಮ: ‘ಬಿಡ್ತು ಅನ್ನಿ!’

ನಾನು ತಾರಸಿಗೆ ಹೋದೆ. ಮಳೆನೀರಿನ ಫಿಲ್ಟರ್ ತೊಳೆದು ತಿಂಗಳಾಗಿತ್ತು.