ಮಾಣಿ ಪೈಲಟ್ ಆಯ್ಕಾ? ಮೊದ್ಲ್ ವಿಮಾನ ಎಷ್ಟಿತ್ತ್ ಕೇಣಿ!

ಕಿರಿಮಂಜೇಶ್ವರ: ಪಿ.ಯು.ಸಿ. ರಿಸಲ್ಟ್ ಬಂದ ವಾರ ಹೆದ್ದಾರಿ ಬದಿಯ ಅಂಗಡಿಕಟ್ಟೆಗಳಲ್ಲಿ ನಡೆಯುವ ಮಾತು ಎಲ್ಲರಿಗೂ ಗೊತ್ತಿದ್ದದ್ದೇ. ಡಾಕ್ಟರು, ಇಂಜಿನಿಯರು, ಸಿ.ಎ. ಈ ಮೂರರ ಸುತ್ತಲೇ ಗಿರಕಿ ಹೊಡೆಯುತ್ತಿದ್ದ ಚರ್ಚೆಗೆ ಈಚೆಗೆ ನಾಲ್ಕನೆಯದೊಂದು ಸೇರಿಕೊಂಡಿದೆ. "ನಮ್ ಮಾಣಿ ಪೈಲಟ್ ಆಯ್ಕ್ ಅಂತ. ಯಾವ್ ಕಾಲೇಜಿಗ್ ಹಾಕುದ್, ಮಾರಾಯ್ರೆ?"

ಮಾಣಿಯೇ ಆಗಬೇಕೆಂದೇನೂ ಇಲ್ಲ. ಭಾರತದ ವಿಮಾನ ಚಾಲಕರಲ್ಲಿ ಹೆಣ್ಣುಮಕ್ಕಳು ಸುಮಾರು ಶೇ. 15ರಷ್ಟಿದ್ದಾರೆ. ಲೋಕದ ಸರಾಸರಿಗಿಂತ ಇದು ಎರಡು ಪಟ್ಟಿಗೂ ಮಿಕ್ಕಿದ್ದು. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ಬಜ್ಪೆ ನಿಲ್ದಾಣವನ್ನು ಉದ್ಘಾಟಿಸಿದ ಕಾಲಕ್ಕೆ ಕರಾವಳಿಯ ಹೆಣ್ಣುಮಗಳೊಬ್ಬಳು ವಿಮಾನ ಬಿಡುತ್ತಾಳೆಂದು ಯಾರಾದರೂ ಹೇಳಿದ್ದರೆ ಜನ ನಕ್ಕು ಬಿಡುತ್ತಿದ್ದರು. ಇಂದು ನಗುವವರಿಲ್ಲ. ದುಡ್ಡಿನ ಲೆಕ್ಕ ಕೇಳುವವರಿದ್ದಾರೆ.

ಆದರೆ ಕಟ್ಟೆಯ ಮೇಲಿನ ಪ್ರಶ್ನೆಯಲ್ಲೇ ಒಂದು ಐಬಿದೆ. ಪೈಲಟ್ ಆಗಲು 'ಕಾಲೇಜು' ಎಂಬುದಿಲ್ಲ. ಕಾರು ಬಿಡಲು ಕಲಿಸುವುದು ಡ್ರೈವಿಂಗ್ ಸ್ಕೂಲು, ಲೈಸೆನ್ಸ್ ಕೊಡುವುದು ಆರ್.ಟಿ.ಒ. ಅಲ್ಲವೇ? ಇಲ್ಲಿಯೂ ಹಾಗೆಯೇ. ಹಾರಲು ಕಲಿಸುವುದು ಫ್ಲೈಯಿಂಗ್ ಸ್ಕೂಲು. ಲೈಸೆನ್ಸ್ ಕೊಡುವುದು ದಿಲ್ಲಿಯ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿ.ಜಿ.ಸಿ.ಎ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಪ್ರಾಯ 18 ತುಂಬಿರಬೇಕು, ಕನಿಷ್ಠ 200 ಗಂಟೆ ಹಾರಿರಬೇಕು. ಅದರಲ್ಲಿ 100 ಗಂಟೆ ವಿಮಾನದ ಪೂರ್ತಿ ಹೊಣೆ ವಿದ್ಯಾರ್ಥಿಯದ್ದೇ ಆಗಿರಬೇಕು.

ಪೇಟೆ ಪೇಟೆಗಳಲ್ಲಿ 'ಏವಿಯೇಶನ್' ಎಂದು ಬೋರ್ಡು ಹಾಕಿಕೊಂಡ ಸಂಸ್ಥೆಗಳಿವೆ. ಟೈ ಕಟ್ಟಿದ ಹುಡುಗ, ಹಿಂದೊಂದು ಜೆಟ್ ವಿಮಾನದ ಚಿತ್ರ! ಒಳಗೆ ಹೋಗಿ ವಿಚಾರಿಸಿದರೆ ಬಿ.ಬಿ.ಎ. ಏವಿಯೇಶನ್, ಇಲ್ಲವೇ ಡಿಪ್ಲೊಮಾ. ಅವು ಕೆಟ್ಟ ಕೋರ್ಸುಗಳೆಂದಲ್ಲ. ನಿಲ್ದಾಣದ ಕೌಂಟರು, ಸರಕು ವಿಭಾಗ, ಕಚೇರಿ ಕೆಲಸಕ್ಕೆ ಅವು ದಾರಿ. ಏರೋನಾಟಿಕಲ್ ಇಂಜಿನಿಯರಿಂಗ್ ಓದಿದವನು ವಿಮಾನದ ವಿನ್ಯಾಸ ಕಲಿಯುತ್ತಾನೆ, ವಿಮಾನ ಬಿಡುವುದನ್ನಲ್ಲ. ಮೂರು ವರ್ಷ ಫೀಸು ಕಟ್ಟಿದ ಮೇಲೆ ಈ ವ್ಯತ್ಯಾಸ ಗೊತ್ತಾದರೆ ಮಾಡುವುದೇನು?

ಮೊದಲು ಕಣ್ಣು, ಆಮೇಲೆ ಫೀಸು

ಬಲ್ಲವರು ಮೊದಲು ಹೇಳುವ ಮಾತು ವೈದ್ಯಕೀಯ ಪರೀಕ್ಷೆಯದು. ಡಿ.ಜಿ.ಸಿ.ಎ. ಒಪ್ಪಿದ ವೈದ್ಯರಲ್ಲಿ ಕ್ಲಾಸ್ ಟೂ, ಆಮೇಲೆ ಕ್ಲಾಸ್ ವನ್. ಎರಡನೆಯದನ್ನು ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲೂ ಮಾಡಿಸಬಹುದು. ಕನ್ನಡಕ ಇದ್ದರೆ ಎಲ್ಲಾ ಮುಗಿಯಿತು ಎಂಬುದು ತಪ್ಪು ತಿಳುವಳಿಕೆ. ಕನ್ನಡಕದಿಂದ ದೃಷ್ಟಿ ಸರಿಹೋಗುವುದಾದರೆ ನಾಗರಿಕ ವಿಮಾನಕ್ಕೆ ಅಡ್ಡಿಯಿಲ್ಲ. ಬಣ್ಣ ಗುರುತಿಸಲಾಗದ ಕಣ್ಣು ಮಾತ್ರ ದೊಡ್ಡ ತೊಡಕು. ಇಂಥದ್ದು ಹುಡುಗನಿಗೇ ಗೊತ್ತಿರುವುದಿಲ್ಲ, ಮನೆಯವರಿಗೂ ಗೊತ್ತಿರುವುದಿಲ್ಲ. ಶಾಲೆಗೆ ಲಕ್ಷಗಟ್ಟಲೆ ಮುಂಗಡ ಕಟ್ಟಿದ ಮೇಲೆ ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಾಗುವುದು ಲೇಸು.

ಎರಡನೆಯದು ಪರೀಕ್ಷೆ. ಪಿ.ಯು.ಸಿ.ಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರಬೇಕೆಂಬುದು ಬಹುಕಾಲದ ನಿಯಮ. ಈ ಕಡೆ ಕಾಮರ್ಸ್ ಹಿಡಿಯುವವರೇ ಜಾಸ್ತಿ. ಅಂಥವರು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಆ ಎರಡು ವಿಷಯ ಮಾತ್ರ ಬರೆದು ಪಾಸು ಮಾಡಿಕೊಂಡದ್ದುಂಟು. ಈ ನಿಯಮವನ್ನು ಸಡಿಲಿಸುವ ಪ್ರಸ್ತಾಪ 2025ರಲ್ಲಿ ಕೇಳಿಬಂದಿದೆ. ಅದನ್ನು ನಂಬಿ ಇಂದೇ ಪುಸ್ತಕ ಮುಚ್ಚಿಡಬೇಡಿ. ಏರ್ ನ್ಯಾವಿಗೇಶನ್, ಮೀಟಿಯರಾಲಜಿ, ಏರ್ ರೆಗ್ಯುಲೇಶನ್, ಟೆಕ್ನಿಕಲ್, ಅದಲ್ಲದೆ ರೇಡಿಯೋ ಮಾತುಕತೆಯ ಪರೀಕ್ಷೆ. ಡಿ.ಜಿ.ಸಿ.ಎ. ಪತ್ರಿಕೆಗಳಲ್ಲಿ ಪಾಸಾಗಲು 100ಕ್ಕೆ 70 ಬೇಕು. 35ಕ್ಕೆ ಪಾಸಾಗಿ ಅಭ್ಯಾಸವಾದವರಿಗೆ ಇಲ್ಲಿ ಬಿಸಿ ತಟ್ಟುತ್ತದೆ.

ಈ ಪತ್ರಿಕೆಗಳನ್ನು ಹಾರಾಟಕ್ಕೆ ಸೇರುವ ಮೊದಲೇ ಬರೆಯಲು ಅವಕಾಶವಿದೆ. ಇದು ಬಹಳ ಹೆತ್ತವರಿಗೆ ತಿಳಿಯದು. ಕಡಿಮೆ ಖರ್ಚಿನಲ್ಲಿ ಹುಡುಗನ ಹಂಬಲ ಎಷ್ಟು ಗಟ್ಟಿ ಎಂದು ತೂಗಿ ನೋಡುವ ತಕ್ಕಡಿ ಇದೇ. ಆರೇಳು ತಿಂಗಳು ಕೂತು ನ್ಯಾವಿಗೇಶನ್ ಓದಿ ಪಾಸಾದವನು ಮುಂದೆಯೂ ನಿಲ್ಲುತ್ತಾನೆ. ಯೂನಿಫಾರ್ಮಿನ ಮೇಲಿನ ಪಟ್ಟಿ ನೋಡಿ ಆಸೆಪಟ್ಟವನು ಅಷ್ಟರಲ್ಲಿ ಬೇರೆ ಮಾತು ತೆಗೆಯುತ್ತಾನೆ. ಕನ್ನಡ ಮೀಡಿಯಂ ಹುಡುಗರು ಹೆದರಬೇಕಿಲ್ಲ. ಇಂಗ್ಲಿಷ್ ಮಾತಾಡಲು ಬರಲೇಬೇಕು, ಅದಕ್ಕೊಂದು ಪರೀಕ್ಷೆಯೂ ಇದೆ. ಕೇಳುವುದು ಸ್ಪಷ್ಟವಾಗಿ ಹೇಳುವುದು, ಸ್ಪಷ್ಟವಾಗಿ ಕೇಳಿಸಿಕೊಳ್ಳುವುದು, ಕವಿತೆ ಬರೆಯುವುದನ್ನಲ್ಲ.

ಬಸ್ಸಿನ ಲೆಕ್ಕದಲ್ಲಿ ಶಾಲೆ

ಈಗ ಶಾಲೆ. ಬ್ರೋಷರಿನಲ್ಲಿ ಹಾಸ್ಟೆಲ್, ಊಟ, ಈಜುಕೊಳ ಎಲ್ಲಾ ಇರುತ್ತದೆ. ಮುಖ್ಯ ಪ್ರಶ್ನೆ ಬೇರೆ. ವಿಮಾನ ಎಷ್ಟಿವೆ? ಅವುಗಳಲ್ಲಿ ಇವತ್ತು ಹಾರುವ ಸ್ಥಿತಿಯಲ್ಲಿರುವವು ಎಷ್ಟು? ವಿದ್ಯಾರ್ಥಿಗಳು ಎಷ್ಟು?

ಕುಂದಾಪುರ-ಬೈಂದೂರು ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಈ ಲೆಕ್ಕ ವಿವರಿಸಬೇಕಾಗಿಲ್ಲ. ನೂರು ಜನ ನಿಂತಿರುವ ಸ್ಟಾಪಿಗೆ ಒಂದೇ ಬಸ್ಸು ಬಂದರೆ ಗತಿಯೇನು? ಒಂದು ಶಾಲೆಯಲ್ಲಿ 100 ವಿದ್ಯಾರ್ಥಿಗಳು ಎನ್ನಿ. ತಲಾ 200 ಗಂಟೆಯಂತೆ 20,000 ಗಂಟೆ ಹಾರಾಟ ಬೇಕು. ಹತ್ತು ವಿಮಾನ ದಿನಕ್ಕೆ ನಾಲ್ಕು ಗಂಟೆಯಂತೆ ವರ್ಷದಲ್ಲಿ 300 ದಿನ ಹಾರಿದರೆ 12,000 ಗಂಟೆ. ಅಂದರೆ ಎಲ್ಲರದ್ದೂ ಮುಗಿಯಲು 20 ತಿಂಗಳು. ಹತ್ತರಲ್ಲಿ ಐದು ಶೆಡ್ಡಿನಲ್ಲೇ ನಿಂತಿದ್ದರೆ? ಮೂರು ವರ್ಷ ದಾಟಿತು! ಅಷ್ಟೂ ದಿನ ಹಾಸ್ಟೆಲ್ ಬಾಡಿಗೆ, ಮೆಸ್ಸಿನ ಬಿಲ್ಲು, ಬ್ಯಾಂಕಿನ ಬಡ್ಡಿ ಓಡುತ್ತಲೇ ಇರುತ್ತವೆ. ಸಣ್ಣ ತರಬೇತಿ ವಿಮಾನಗಳಿಗೆ 50 ಗಂಟೆಗೊಮ್ಮೆ, 100 ಗಂಟೆಗೊಮ್ಮೆ ತಪಾಸಣೆ ಕಡ್ಡಾಯ. ಹಾಗಾಗಿ ಒಳ್ಳೆಯ ಶಾಲೆಯಲ್ಲೂ ಒಂದೆರಡು ವಿಮಾನ ಸದಾ ವರ್ಕ್‌ಶಾಪಿನಲ್ಲಿರುವುದು ಸಹಜ. ವಿಮಾನ ಇದ್ದೂ ಇನ್‌ಸ್ಟ್ರಕ್ಟರ್ ಇಲ್ಲದೆ ಕಾದು ಕೂತವರ ಕಥೆಯೂ ಕಡಿಮೆಯಿಲ್ಲ.

ಹವೆಯೂ ನೋಡಬೇಕು. ಕರಾವಳಿಯಲ್ಲಿ ಫ್ಲೈಯಿಂಗ್ ಸ್ಕೂಲ್ ಯಾಕಿಲ್ಲ ಎಂದು ಕೇಳುವವರು ಜೂನ್ ತಿಂಗಳಲ್ಲಿ ಮರವಂತೆ ಕಡಲ ಬದಿಯಲ್ಲಿ ನಿಂತು ಆಕಾಶ ನೋಡಿದರೆ ಸಾಕು. ಕಲಿಯುವವನು ಕಣ್ಣಿಗೆ ನೆಲ ಕಾಣುವಂತೆ ಹಾರಬೇಕು. ಕಿಲೋಮೀಟರುಗಟ್ಟಲೆ ದೂರ ಸ್ಪಷ್ಟ ಕಾಣದಿದ್ದರೆ ವಿಮಾನ ಮೇಲೇರುವಂತಿಲ್ಲ. ಅದಕ್ಕೇ ಈ ಶಾಲೆಗಳು ಬಹುಪಾಲು ಬಯಲುಸೀಮೆ ಹುಡುಕಿಕೊಂಡು ಹೋಗಿವೆ. ಉತ್ತರದಲ್ಲಾದರೆ ಚಳಿಗಾಲದ ಮಂಜಿನ ಕಾಟ.

ಕರ್ನಾಟಕದೊಳಗೆ ಹಳೆಯದು ಬೆಂಗಳೂರಿನ ಜಕ್ಕೂರಿನ ಸರ್ಕಾರಿ ಶಾಲೆ, 1949ರಿಂದ ಇರುವಂಥದ್ದು. ಅಲ್ಲಿ ತರಬೇತಿ ಕೆಲಕಾಲ ನಿಂತು ಮತ್ತೆ ಶುರುವಾದದ್ದುಂಟು. ಆದ್ದರಿಂದ ಸರ್ಕಾರಿ ಎಂಬ ಹೆಸರೊಂದನ್ನೇ ನೋಡದೆ ಸೇರುವ ವರ್ಷದ ಸ್ಥಿತಿ ಹೇಗಿದೆ ಎಂದು ಹೋಗಿ ನೋಡುವುದು ಒಳ್ಳೆಯದು. ಕೇಂದ್ರ ಸರ್ಕಾರ 2021ರಲ್ಲಿ ಹೊಸ ಶಾಲೆಗಳಿಗೆ ಗೊತ್ತುಮಾಡಿದ ಐದು ನಿಲ್ದಾಣಗಳಲ್ಲಿ ಕಲಬುರಗಿ, ಬೆಳಗಾವಿ ಎರಡೂ ಸೇರಿದ್ದವು. ದೇಶದ ಮಟ್ಟದಲ್ಲಿ ಹೆಸರಾದದ್ದು ಉತ್ತರ ಪ್ರದೇಶದ ಫುರ್ಸತ್‌ಗಂಜಿನ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ. ಅಲ್ಲಿ ಪ್ರವೇಶ ಪರೀಕ್ಷೆಯಿದೆ, ಸೀಟು ಮಿತ. ದುಡ್ಡಿದ್ದ ಮಾತ್ರಕ್ಕೆ ಒಳಗೆ ಬಿಡುವುದಿಲ್ಲ.

ಶಾಲೆಗಳನ್ನು ತೂಗುವ ಕೆಲಸಕ್ಕೆ ಡಿ.ಜಿ.ಸಿ.ಎ. ತಾನೇ ಇಳಿದದ್ದು 2025ರಲ್ಲಿ. ಅಕ್ಟೋಬರ್ 1ರ ಮೊದಲ ಪಟ್ಟಿಯಲ್ಲಿ 35 ಶಾಲೆಗಳು. 'ಎ' ದರ್ಜೆ ಎಷ್ಟಕ್ಕೆ ಸಿಕ್ಕಿತು ಗೊತ್ತೇ? ಒಂದಕ್ಕೂ ಇಲ್ಲ! 13 ಶಾಲೆಗಳಿಗೆ 'ಬಿ', 22ಕ್ಕೆ 'ಸಿ'. ಪಟ್ಟಿ ಆರು ತಿಂಗಳಿಗೊಮ್ಮೆ ಬದಲಾಗಬೇಕೆಂಬುದು ಕ್ರಮ. ದಲ್ಲಾಳಿ ತೋರಿಸುವ ಬಣ್ಣದ ಪುಸ್ತಕಕ್ಕಿಂತ ಆ ಹಾಳೆ ನಂಬಲರ್ಹ.

ಗದ್ದೆ ಅಡವಿಟ್ಟು ಆಕಾಶಕ್ಕೆ

ಖರ್ಚಿನ ಮಾತು ಕೇಳಿದರೆ ಎಂಥವನೂ ಒಮ್ಮೆ ಬೆಂಚಿನ ಮೇಲೆ ಕೂರಬೇಕು. ದೇಶದೊಳಗೆ ಹಾರಾಟ ಕಲಿಯಲು 45 ಲಕ್ಷದಿಂದ 60 ಲಕ್ಷದ ಆಸುಪಾಸು. ಇದಾದ ಮೇಲೆ ಏರ್‌ಬಸ್ಸೋ ಬೋಯಿಂಗೋ ಬಿಡಲು 'ಟೈಪ್ ರೇಟಿಂಗ್' ಎಂಬ ಬೇರೆ ತರಬೇತಿ. ಅದಕ್ಕೆ ಮತ್ತೆ ಹತ್ತಾರು ಲಕ್ಷ. ವಿಮಾನ ಕಂಪೆನಿಗಳೇ ನಡೆಸುವ ಕೆಡೆಟ್ ಯೋಜನೆಗಳ ಖರ್ಚು ಕೋಟಿ ದಾಟುವುದೂ ಉಂಟು. ಅಮೆರಿಕ, ದಕ್ಷಿಣ ಆಫ್ರಿಕಾದಲ್ಲಿ ಬೇಗ ಮುಗಿಯುತ್ತದೆ ಎನ್ನುತ್ತಾರೆ. ಮುಗಿದೀತು, ಆದರೆ ಊರಿಗೆ ಬಂದು ಇಲ್ಲಿನ ಲೈಸೆನ್ಸಿಗೆ ಬದಲಾಯಿಸಿಕೊಳ್ಳಲೇಬೇಕು, ಡಿ.ಜಿ.ಸಿ.ಎ. ಪತ್ರಿಕೆಗಳಿಂದ ಬಿಡುಗಡೆಯಿಲ್ಲ.

ಬ್ಯಾಂಕುಗಳು ಹುಟ್ಟಿದ ಜಿಲ್ಲೆ ಇದು. ಆದರೂ ಶಿಕ್ಷಣ ಸಾಲದಲ್ಲಿ ಏಳೂವರೆ ಲಕ್ಷ ದಾಟಿತೆಂದರೆ ಆಸ್ತಿಯ ಆಧಾರ ಕೇಳುತ್ತಾರೆ. 40 ಲಕ್ಷ ಸಾಲ, ಶೇ. 10.5 ಬಡ್ಡಿ, ಹತ್ತು ವರ್ಷದ ಗಡುವು ಎಂದರೆ ತಿಂಗಳ ಕಂತು ಸುಮಾರು 54 ಸಾವಿರ. ಕಲಿಯುವ ಕಾಲದ ಬಡ್ಡಿ ಇದರಲ್ಲಿ ಸೇರಿಲ್ಲ. ಜೀನಸಿ ಅಂಗಡಿಯ ಒಂದು ತಿಂಗಳ ಲಾಭ ಎಷ್ಟೆಂದು ಗಲ್ಲದ ಮೇಲೆ ಕೂತವರಿಗೇ ಗೊತ್ತು.

ಆಧಾರಕ್ಕೆ ಇಡುವುದೇನು? ಈ ಭಾಗದ ಎಷ್ಟೋ ಮನೆಗಳಲ್ಲಿ ಇರುವ ಆಸ್ತಿಯೆಂದರೆ 1974ರ ಭೂಸುಧಾರಣೆ ಕಾನೂನಿನ ಮೇಲೆ ಡಿಕ್ಲರೇಶನ್ ಹಾಕಿ ಅಜ್ಜ ತನ್ನ ಹೆಸರಿಗೆ ಮಾಡಿಸಿಕೊಂಡ ಗದ್ದೆ, ಅದರ ಬದುವಿನ ನಾಲ್ಕು ತೆಂಗಿನಮರ. ಟ್ರಿಬ್ಯೂನಲ್ಲಿಗೆ ಅಲೆದು ಪಡೆದ ಆರ್.ಟಿ.ಸಿ.ಯನ್ನು ಮೊಮ್ಮಗನ ವಿಮಾನಕ್ಕಾಗಿ ಬ್ಯಾಂಕಿನ ಮೇಜಿನ ಮೇಲಿಡುವ ಮುನ್ನ ಮನೆಯವರೆಲ್ಲಾ ಕೂತು ಮಾತಾಡುವುದು ಒಳ್ಳೆಯದು. ಇಡಬಾರದೆಂದಲ್ಲ. ಇಡುವುದಾದರೆ ಫೀಸನ್ನು ಒಂದೇ ಗಂಟಲ್ಲಿ ಕಟ್ಟಬೇಡಿ. ಹಾರಿದಷ್ಟಕ್ಕೆ ಕಂತು ಎಂಬ ಕರಾರು ಮಾಡಿಕೊಳ್ಳಿ. ನಡುವೆ ಬಿಟ್ಟರೆ ವಾಪಸು ಎಷ್ಟು ಎಂಬುದು ಬಾಯಿ ಮಾತಲ್ಲ, ಕಾಗದದಲ್ಲಿ ಇರಬೇಕು. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕೋತ್ತರ ವಿದ್ಯಾರ್ಥಿವೇತನದಲ್ಲಿ ಪೈಲಟ್ ತರಬೇತಿಯೂ ಸೇರಿದೆ. ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಬೇಕು.

ಲೈಸೆನ್ಸ್ ಸಿಕ್ಕಿತು, ಕೆಲಸ? 2023ರಲ್ಲಿ ದೇಶದಲ್ಲಿ 1,622 ಕಮರ್ಷಿಯಲ್ ಲೈಸೆನ್ಸ್ ಕೊಡಲಾಯಿತು. ಅದೇ ವರ್ಷ ಇಂಡಿಗೋ 500, ಏರ್ ಇಂಡಿಯಾ 470 ವಿಮಾನಗಳಿಗೆ ಆರ್ಡರ್ ಕೊಟ್ಟವು. ಅದೇ ವರ್ಷದ ಮೇ ತಿಂಗಳಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿತು! ಅದಕ್ಕೂ ಮೊದಲು 2012ರಲ್ಲಿ ಕಿಂಗ್‌ಫಿಶರ್, 2019ರಲ್ಲಿ ಜೆಟ್ ಏರ್‌ವೇಸ್. ಹೊಸಬರ ಸಾಲಿನ ಮುಂದೆ ಸಾವಿರಾರು ಗಂಟೆ ಅನುಭವದವರು ಬಂದು ನಿಂತ ವರ್ಷಗಳವು. ಬೇಡಿಕೆ ಇದೆಯೆಂಬುದು ನಿಜ, ಎಲ್ಲಾ ವರ್ಷವೂ ಒಂದೇ ಸಮ ಇರುತ್ತದೆಂಬುದು ಸುಳ್ಳು.

ದುಡ್ಡಿಲ್ಲದೆ ಹಾರುವ ದಾರಿಯೂ ಒಂದಿದೆ, ಕಟ್ಟೆಯ ಮೇಲೆ ಅದರ ಮಾತು ಬರುವುದು ಕಡಿಮೆ. ವಾಯುಪಡೆ. ಪಿ.ಯು.ಸಿ. ಮುಗಿದ ಕೂಡಲೇ ಎನ್.ಡಿ.ಎ. ಪರೀಕ್ಷೆ, ವರ್ಷಕ್ಕೆ ಎರಡು ಸಲ. 2022ರಿಂದ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಿದೆ. ಖರ್ಚೆಲ್ಲಾ ಸರ್ಕಾರದ್ದು. ಜೆಟ್ ಯುದ್ಧವಿಮಾನ ಕಲಿಯುವವರು ಬೀದರಿನಲ್ಲೇ ಹಾಕ್ ವಿಮಾನದಲ್ಲಿ ಪಳಗುತ್ತಾರೆ. ಆದರೆ ಅಲ್ಲಿ ಪೈಲಟ್ ಯೋಗ್ಯತೆಯ ಪರೀಕ್ಷೆ ಜೀವಮಾನದಲ್ಲಿ ಒಂದೇ ಸಲ. ಫೇಲಾದರೆ ಮತ್ತೊಂದು ಸಪ್ಲಿಮೆಂಟರಿ ಇಲ್ಲ.

ಇಳಿಯದೇ ಮೇಲೇರುವ ವಿದ್ಯೆ

ಬೇಗ ಮುಗಿಸಿಕೊಡುವ ಶಾಲೆಯೇ ಒಳ್ಳೆಯ ಶಾಲೆ ಎನ್ನುವವರಿದ್ದಾರೆ. 2011ರಲ್ಲಿ ನಕಲಿ ಅಂಕಪಟ್ಟಿಯ ಮೇಲೆ ಲೈಸೆನ್ಸ್ ಪಡೆದ ಪೈಲಟ್‌ಗಳು ಸಿಕ್ಕಿಬಿದ್ದರು. ಹಾರದ ಗಂಟೆಗಳನ್ನು ಲಾಗ್‌ಬುಕ್ಕಿನಲ್ಲಿ ಬರೆದ ಪ್ರಕರಣಗಳೂ ಆಗ ಹೊರಬಿದ್ದವು. "ಒಂದಿಪ್ಪತ್ತ್ ಗಂಟೆ ಅಡ್ಜಸ್ಟ್ ಮಾಡುವ" ಎಂದು ಯಾರಾದರೂ ನಗುತ್ತಾ ಹೇಳಿದರೆ ಅಲ್ಲಿಂದ ಎದ್ದು ಬರುವುದೇ ಕ್ಷೇಮ.

2010ರ ಮೇ 22ರ ಬೆಳಿಗ್ಗೆಯನ್ನು ಕರಾವಳಿಯವರು ಮರೆತಿಲ್ಲ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗುರುಳಿತು. 158 ಜನ ತೀರಿಕೊಂಡರು, ಎಂಟು ಮಂದಿ ಉಳಿದರು. ವಿಮಾನ ಇಳಿಯಬೇಕಾದುದಕ್ಕಿಂತ ತುಂಬ ಎತ್ತರದಲ್ಲಿತ್ತು. ಸಹಪೈಲಟ್ ಮೂರು ಬಾರಿ 'ಗೋ ಅರೌಂಡ್', ಅಂದರೆ ಇಳಿಯದೆ ಮತ್ತೆ ಮೇಲೇರಿ ಸುತ್ತುಹಾಕಿ ಬರೋಣ ಎಂದು ಎಚ್ಚರಿಸಿದರೂ ಕ್ಯಾಪ್ಟನ್ ಇಳಿಸಲು ಹೊರಟರು ಎಂದು ತನಿಖಾ ನ್ಯಾಯಾಲಯ ಕಂಡುಕೊಂಡಿತು.

ತಪ್ಪಾಗಿ ಇಳಿಯುತ್ತಿದ್ದೇನೆ ಎಂದು ಗೊತ್ತಾದ ಕ್ಷಣ ನಾಚಿಕೆ ಬಿಟ್ಟು ಮೇಲೇರುವ ಅಭ್ಯಾಸ ಬೆಳೆಯಬೇಕಾದದ್ದು ಮೊದಲ ಹತ್ತಿಪ್ಪತ್ತು ಗಂಟೆಗಳಲ್ಲೇ, ಎರಡು ಸೀಟಿನ ಸಣ್ಣ ವಿಮಾನದಲ್ಲೇ. ಗಂಟೆಯ ದುಡ್ಡು ಉಳಿಸಲೆಂದು 'ಹೇಗೂ ಇಳಿಸು' ಎನ್ನುವ ಇನ್‌ಸ್ಟ್ರಕ್ಟರ್ ಇರುವಲ್ಲಿ ಆ ಅಭ್ಯಾಸ ಬರಲಿಕ್ಕಿಲ್ಲ.

ಶಾಲೆ ನೋಡಲು ಹೋಗುವವರು ಆಫೀಸಿನಲ್ಲಿ ಕೊಡುವ ಕಾಫಿ ಕುಡಿದು ಅಲ್ಲಿಂದಲೇ ಬಸ್ಸು ಹಿಡಿಯಬೇಡಿ. ಬೆಳಿಗ್ಗೆ ಏಳು ಗಂಟೆಗೆ ಗೇಟಿನ ಬಳಿ ನಿಂತು ಎಷ್ಟು ವಿಮಾನ ಮೇಲೇರಿದವೆಂದು ಎಣಿಸಿ. ಸಂಜೆ ಹಾಸ್ಟೆಲ್ ಹುಡುಗರು ಚಾ ಕುಡಿಯುವ ಗೂಡಂಗಡಿ ಹುಡುಕಿ, ಒಂದೇ ಪ್ರಶ್ನೆ ಕೇಳಿ: ಹೋದ ತಿಂಗಳು ಎಷ್ಟು ಗಂಟೆ ಹಾರಿದ್ರಿ?