ಗುಳಿಗಳ ಮೇಲೆ ಕಟ್ಟಿದ ಹರಳು

ಹೋಟೆಲಿನ ಗಾಜಿನ ಕಪಾಟಿನಲ್ಲಿ ಲಾಡುಗಳನ್ನು ಗೋಪುರದಂತೆ ಪೇರಿಸಿದ ಅನುಭವ ನಮ್ಮ ವಾಚಕರಲ್ಲಿ ಅನೇಕರಿಗೆ ಉಂಟು. ಎಲ್ಲವೂ ಒಂದೇ ಗಾತ್ರದವಾದರೆ ಗೋಪುರ ತಾನಾಗಿ ನಿಲ್ಲುತ್ತದೆ. ನಡುವೆ ನಾಲ್ಕು ಸಣ್ಣವು ಸೇರಿದವೋ, ಉರುಳಿತೆಂದೇ ತಿಳಿಯಬೇಕು. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ದಿನಗಳಲ್ಲಿ ಈ ವಿಷಯವಾಗಿ ಅಡಿಗೆ ಭಟ್ಟರೊಡನೆ ವಾದಿಸಿದವನು ನಾನು. ಪ್ರಕೃತಿಯೂ ಇದೇ ಉದ್ಯೋಗದಲ್ಲಿ ತೊಡಗಿದೆಯೆಂಬುದು ಆಗ ತಿಳಿದಿರಲಿಲ್ಲ.

ಓಪಲ್ ಎಂಬ ರತ್ನವನ್ನು ಹೊರಳಿಸಿದಂತೆಲ್ಲ ಅದರೊಳಗೆ ಹಸಿರು, ಕೆಂಪು, ನೀಲಿ ಕಿಡಿಗಳು ಮಿನುಗುತ್ತವೆ. ಆದರೆ ಕಲ್ಲಿನಲ್ಲಿ ಅಂಥ ಬಣ್ಣದ ಪದಾರ್ಥವೇ ಇಲ್ಲ! ಸರ್ ಸಿ. ವಿ. ರಾಮನ್ ಅವರು ಬೆಂಗಳೂರಿನಲ್ಲಿ ಜಯರಾಮನ್ ಅವರೊಡಗೂಡಿ ಇದನ್ನು ಪರೀಕ್ಷಿಸಿ, ಒಳಗಿನ ಪದರಗಳ ರಚನೆಯೇ ಬಣ್ಣಕ್ಕೆ ಕಾರಣವೆಂದು 1953ರಲ್ಲಿ ಬರೆದರು. ಆ ಪದರಗಳು ಯಾವುದರಿಂದ ಆದವು ಎಂಬುದು 1964ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಗೋಚರವಾಯಿತು. ಸಮಗಾತ್ರದ ಸಿಲಿಕಾ ಗೋಲಿಗಳು, ಲಾಡುಗಳಂತೆಯೇ ಸಾಲುಸಾಲಾಗಿ! ಒಂದು ಮಿಲ್ಲಿಮೀಟರನ್ನು ಹತ್ತು ಸಾವಿರ ಪಾಲು ಮಾಡಿದರೆ ಎರಡೋ ಮೂರೋ ಪಾಲು ಒಂದು ಗೋಲಿಯ ಅಡ್ಡಳತೆ. ಗೋಲಿ ಸಣ್ಣದಾದರೆ ನೀಲಿ. ದೊಡ್ಡದಾದರೆ ಕೆಂಪೂ ಕಾಣುತ್ತದೆ.

ಇಂಥ ಸೂಕ್ಷ್ಮ ಕಣಗಳು ದ್ರವದಲ್ಲಿ ಕರಗದೆ, ಬೇಗನೆ ತಳಕ್ಕೂ ಇಳಿಯದೆ ಹರಡಿಕೊಂಡಿರುವುದಕ್ಕೆ ಕಲಿಲ, ಅಂದರೆ ಕೊಲಾಯ್ಡ್, ಎಂದು ಹೆಸರು. ನಾವು ಕಾಯಿಸುವ ಹಾಲೂ ಕಲಿಲವೇ. ಸಮಗಾತ್ರದ ಸಿಲಿಕಾ ಗೋಲಿಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸುವ ವಿಧಾನವನ್ನು ಸ್ಟೋಬರ್ ಮತ್ತು ಸಂಗಡಿಗರು 1968ರಲ್ಲಿ ಪ್ರಕಟಿಸಿದರು. ಗೋಲಿಗಳೇನೋ ದೊರೆತವು, ಜೋಡಣೆಯ ತೊಡಕು ಉಳಿಯಿತು.

ತೊಡಕು ಇಂತಿದೆ. ಸಮತಟ್ಟಾದ ಗಾಜಿನ ಮೇಲೆ ಗೋಲಿಗಳನ್ನು ನಿಧಾನವಾಗಿ ಇಳಿಯಬಿಟ್ಟರೆ ಒಂದರ ಸುತ್ತ ಆರರಂತೆ ಮೊದಲ ಪದರ ಕೂಡುತ್ತದೆ. ಎರಡನೆಯದು ಅದರ ಸಂದುಗಳ ಮೇಲೆ ಕೂಡುತ್ತದೆ. ಮೂರನೆಯದಕ್ಕೆ ಮಾತ್ರ ಎರಡು ದಾರಿ: ಮೊದಲ ಪದರದ ಗೋಲಿಗಳ ನೇರಕ್ಕೆ ಕೂಡಬಹುದು, ಅಥವಾ ಅದರಲ್ಲಿ ಖಾಲಿ ಉಳಿದ ಸಂದುಗಳ ನೇರಕ್ಕೆ ಕೂಡಬಹುದು. ಎರಡೂ ಅವಕ್ಕೆ ಸರಿಯೇ. ಆದುದರಿಂದ ಪದರಗಳು ಮನಬಂದಂತೆ ಏರುತ್ತಾ ಹೋಗಿ ಹರಳಿನ ಕ್ರಮ ಕೆಡುತ್ತದೆ. ಆತುರದಿಂದ ಇಳಿಸಿದರಂತೂ ಬರಿಯ ಗುಂಪು.

ವಾನ್ ಬ್ಲಾಡೆರೆನ್, ರುಯೆಲ್, ವಿಲ್ಟ್ಸಿಯುಸ್ ಎಂಬ ಮೂವರು 1997ರಲ್ಲಿ ತೋರಿಸಿದ ಉಪಾಯವನ್ನು ಓದಿದಾಗ ನನಗೆ ಗುಳಿಯಪ್ಪದ ಕಾವಲಿಯೇ ಕಣ್ಣ ಮುಂದೆ ಬಂತು. ಗಾಜಿನ ಮೇಲೆ ಪ್ಲಾಸ್ಟಿಕಿನ ತೆಳುಪೊರೆ ಬಳಿದು, ಅದರಲ್ಲಿ ಎಲೆಕ್ಟ್ರಾನ್ ಕಿರಣದಿಂದ ಚದುರಂಗದ ಮನೆಗಳಂತೆ ಗುಳಿಗಳನ್ನು ಕೊರೆದರು. ಮೊದಲ ಪದರದ ಗೋಲಿಗಳು ಆ ಗುಳಿಗಳಲ್ಲೇ ಕುಳಿತವು. ಅವುಗಳ ಮೇಲೆ ಕೂಡುವ ಗೋಲಿಗೆ ನಾಲ್ಕು ಗೋಲಿಗಳ ನಡುವಿನ ಒಂದೇ ಬಗೆಯ ಪೀಠ. ಬೇರೆ ದಾರಿಯೇ ಇಲ್ಲ. ತಳದ ಕ್ರಮವೇ ಮೇಲಿನ ಪದರಗಳಿಗೂ ಏರಿತು. ಆದರೆ ಗುಳಿಗಳ ಅಂತರ ಗೋಲಿಯ ಅಳತೆಗೆ ಹೊಂದಬೇಕು. ತಪ್ಪಿದರೆ ದೋಷಗಳು ಹುಟ್ಟುತ್ತವೆ. ಕಾವಲಿ ಕೆಟ್ಟರೆ ಅಪ್ಪ ಕೆಟ್ಟಂತೆ.

ಅದೇ ವರ್ಷ ವೆಲೆವ್ ಮತ್ತು ಸಂಗಡಿಗರು ವಿಷಯವನ್ನು ತಿರುವುಮುರುವು ಮಾಡಿದರು: ಹರಳನ್ನೇ ಅಚ್ಚಾಗಿಸಿದರು! ಒತ್ತಾಗಿ ಪೇರಿಸಿದ ಗೋಲಿಗಳ ನಡುವೆ ನೂರಕ್ಕೆ 26 ಪಾಲು ಜಾಗ ಬರಿದಾಗಿರುತ್ತದೆ. ಲೇಟೆಕ್ಸ್ ಗೋಲಿಗಳ ನಡುವಿನ ಆ ಜಾಗದಲ್ಲಿ ಸಿಲಿಕಾ ತುಂಬಿ, ಗಟ್ಟಿಯಾದ ಮೇಲೆ ಗೋಲಿಗಳನ್ನು ಸುಟ್ಟು ಕಳೆದರು. ಗೋಲಿ ಇದ್ದಲ್ಲೆಲ್ಲ ಒಂದೇ ಅಳತೆಯ ರಂಧ್ರಗಳು ಉಳಿದವು.